ಸ್ಪ್ಯಾನಿಷ್ 1 ಟಿಪ್ಪಣಿ: ಇಂಗ್ಲಿಷ್ ಬದಿಗಿಡಿ, ಕನ್ನಡ ಕೈಗೆತ್ತಿಕೊಳ್ಳಿ

ಅಮೆರಿಕದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಸೇರಿದಾಗ ನನಗೆ ಸ್ಪ್ಯಾನಿಷ್‌ನ ಒಂದು ಪದವೂ ಸರಿಯಾಗಿ ಬರುತ್ತಿರಲಿಲ್ಲ. ಅಕ್ಕಪಕ್ಕ ಕೂತವರಿಗೆ ಬಣ್ಣ, ಎಣಿಕೆ, ವಾರದ ಹೆಸರು ಆಗಲೇ ಗೊತ್ತಿತ್ತು. ಈಗ ಎರಡು ವರ್ಷ ಮುಗಿಸಿದ್ದೇನೆ. ಈ ವರ್ಷ ಸ್ಪ್ಯಾನಿಷ್ 1ಕ್ಕೆ, ಅಂದರೆ ಮೊದಲ ವರ್ಷದ ಸ್ಪ್ಯಾನಿಷ್ ತರಗತಿಗೆ, ಕೂರುವ ಕನ್ನಡದ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ ಅಂತ ನನ್ನ ಹಳೆಯ ನೋಟ್‌ಬುಕ್ ತಿರುವಿ ಇದನ್ನು ಬರೆಯುತ್ತಿದ್ದೇನೆ. ಟೀಚರ್ ಕೊಡುವ ನಿಯಮಗಳ ಹಾಳೆಯಲ್ಲಿ ಏನು ಬೇಕು ಅಂತ ಇರುತ್ತದೆ. ಅದು ಹೇಗೆ ಬರುತ್ತದೆ ಅಂತ ಇರುವುದಿಲ್ಲ.

ಮೊದಲೇ ಒಂದು ಮಾತು. ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಲ್ಲಿ ದೀರ್ಘ ಹಾಕಿದ್ದೇನೋ ಅಲ್ಲಿ ಒತ್ತಿ ಹೇಳಬೇಕು ಅಂತ ಅರ್ಥ, ಎಳೆಯಬೇಕು ಅಂತಲ್ಲ. ಇದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಎಷ್ಟು ಬರಬೇಕು?

ತುಂಬಾ ಜನ ಇದನ್ನು ಒಂದು ವರ್ಷದ ಕೋರ್ಸ್ ಅಂದುಕೊಂಡು ಸೇರುತ್ತಾರೆ. ಹಾಗಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಸೇರಲು ಇಂಗ್ಲಿಷ್ ಅಲ್ಲದ ಭಾಷೆಯೊಂದನ್ನು ಎರಡು ವರ್ಷ ಓದಿರಬೇಕು, ಮೂರು ಓದಿದ್ದರೆ ಒಳ್ಳೆಯದು ಅನ್ನುತ್ತಾರೆ. ಟೆಕ್ಸಸ್‌ನಲ್ಲಿ ಹೈಸ್ಕೂಲ್ ಮುಗಿಸಲಿಕ್ಕೇ ಒಂದೇ ಭಾಷೆಯಲ್ಲಿ ಎರಡು ಕ್ರೆಡಿಟ್ ಬೇಕು. ಮಧ್ಯದಲ್ಲಿ ಫ್ರೆಂಚ್‌ಗೆ ಹಾರಿದರೆ ಮತ್ತೆ ಒಂದರಿಂದ ಶುರು. ಹಾಗಾಗಿ ಮೊದಲ ವರ್ಷ ಸುಮ್ನೆ ದಾಟಿಸಿಬಿಟ್ಟರೆ ಎರಡನೇ ವರ್ಷ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಇನ್ನು ಮಟ್ಟದ ವಿಷಯ. ಅಮೆರಿಕದ ಭಾಷಾ ಟೀಚರುಗಳ ಸಂಘಟನೆ ಆಕ್ಟ್‌ಫಲ್ ಒಂದು ಏಣಿ ಮಾಡಿದೆ. ಅದರ ಕೆಳಗಿನ ಮೆಟ್ಟಿಲು ನೊವಿಸ್. ಅದರೊಳಗೇ ಲೋ, ಮಿಡ್, ಹೈ ಅಂತ ಮೂರು ಮೆಟ್ಟಿಲು. ಸ್ಪ್ಯಾನಿಷ್ 1 ಮುಗಿಯುವಾಗ ಸಾಮಾನ್ಯವಾಗಿ ನೊವಿಸ್ ಮಿಡ್ ಅಥವಾ ಹೈ ತಲುಪಬೇಕು ಅಂತ ನಿರೀಕ್ಷೆ. ಅಂದರೆ ನನ್ನ ಹೆಸರು, ವಯಸ್ಸು, ಮನೆಯವರು, ಶಾಲೆ, ಊಟ, ಹವಾಮಾನ, ಗಂಟೆ ಎಷ್ಟಾಯಿತು, ನಾಳೆ ಏನು ಮಾಡುತ್ತೇನೆ. ಇಷ್ಟೇ. ಭೂತಕಾಲ ಹೆಚ್ಚಿನ ಕಡೆ ಎರಡನೇ ವರ್ಷಕ್ಕೇ ಗಟ್ಟಿಯಾಗಿ ಬರುವುದು. ತಪ್ಪಿಲ್ಲದೆ ಮಾತಾಡಬೇಕು ಅಂತ ಯಾರೂ ಕೇಳುವುದಿಲ್ಲ. ಬಾಯಿ ಬಿಡಬೇಕು ಅಂತ ಮಾತ್ರ ಖಂಡಿತ ಕೇಳುತ್ತಾರೆ.

ಅದೇ ಸಂಘಟನೆ ತರಗತಿಯ ಮಾತಿನಲ್ಲಿ ಶೇ 90ರಷ್ಟಾದರೂ ಕಲಿಯುವ ಭಾಷೆಯಲ್ಲೇ ಇರಲಿ ಅನ್ನುತ್ತದೆ. ಮೊದಲ ವಾರ ಟೀಚರ್ ಕೈ ಸನ್ನೆ ಮಾಡುತ್ತಾ ಬರೀ ಸ್ಪ್ಯಾನಿಷ್ ಮಾತಾಡಿದರೆ ಗಾಬರಿ ಬೇಡ. ಅವರು ಮರೆತು ಮಾತಾಡುತ್ತಿಲ್ಲ, ಬೇಕಂತಲೇ ಮಾಡುತ್ತಿದ್ದಾರೆ. ಪೂರ್ತಿ ಅರ್ಥವಾಗಬೇಕಿಲ್ಲ. ಸಾರಾಂಶ ಹಿಡಿದರೆ ಸಾಕು.

ಬಾಯಿ: ಇಲ್ಲಿ ನಾವು ಮುಂದೆ

ಉಚ್ಚಾರಣೆಯಲ್ಲಿ ಕನ್ನಡದವರಿಗೆ ಅರ್ಧ ದಾರಿ ಆಗಲೇ ಮುಗಿದಿರುತ್ತದೆ. ಇಂಗ್ಲಿಷ್ ಮಾತಾಡುವ ಗೆಳೆಯರು ಟ್ಯಾಕೊ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಅದು ತಾಕೊ. ನಮ್ಮ ತ, ನಮ್ಮ ದ. ನಾಲಿಗೆ ಹಲ್ಲಿಗೆ ತಾಗುತ್ತದೆ. ಪ, ತ, ಕ ಹೇಳುವಾಗ ಗಾಳಿ ಊದುವುದಿಲ್ಲ, ಅದೂ ನಮ್ಮ ಹಾಗೆಯೇ. ಬರೆದಂತೆ ಓದುವ ಭಾಷೆ ಬೇರೆ. ಇಂಗ್ಲಿಷ್ ಸ್ಪೆಲ್ಲಿಂಗ್‌ನ ಕಾಟ ಬಹುತೇಕ ಇಲ್ಲ. ಎಚ್ ಅಕ್ಷರವನ್ನು ಬರೆಯುತ್ತಾರೆ, ಓದುವುದಿಲ್ಲ. ಜೆ ಅಕ್ಷರ ಗಂಟಲಿನಿಂದ ಬರುವ ಒರಟು ಹ. ಬಿ ಮತ್ತು ವಿ ಎರಡಕ್ಕೂ ಒಂದೇ ಸದ್ದು.

ವರ್ಣಮಾಲೆಯಲ್ಲಿ 27 ಅಕ್ಷರ. 1713ರಲ್ಲಿ ಶುರುವಾದ ಸ್ಪೇನಿನ ರಾಯಲ್ ಅಕಾಡೆಮಿ 2010ರಲ್ಲಿ ಜೋಡಿ ಅಕ್ಷರಗಳನ್ನು ಪಟ್ಟಿಯಿಂದ ತೆಗೆದು 27ಕ್ಕೆ ನಿಲ್ಲಿಸಿತು. ಅಪ್ಪನ ಕಾಲದ ಪುಸ್ತಕದಲ್ಲಿ ಹೆಚ್ಚು ಕಂಡರೆ ಜಗಳ ಬೇಡ. ಈ 27ರಲ್ಲಿ ಎನ್ ಮೇಲೆ ಅಲೆ ಗೆರೆ ಇರುವ ಎನ್ಯೆ ಬೇರೆಯೇ ಅಕ್ಷರ, ನಮ್ಮ ಞ ಸದ್ದಿಗೆ ಹತ್ತಿರ. ಆನ್ಯೊ ಅಂದರೆ ವರ್ಷ. ಆ ಅಲೆ ಗೆರೆ ಬಿಟ್ಟರೆ ಅದು ದೇಹದ ಹಿಂಭಾಗದ ಒಂದು ಜಾಗದ ಹೆಸರಾಗುತ್ತದೆ. "ನನಗೆ 15 ವರ್ಷ" ಅಂತ ಬರೆಯಲು ಹೋಗಿ ಏನು ಬರೆದಂತಾಯಿತು ಅಂತ ನೀವೇ ಯೋಚಿಸಿ.

ನಮಗೂ ಕಷ್ಟವಾಗುವುದು ಎರಡು. ಒಂದು, ಗಡಗಡಿಸುವ ರ. ಪೇರೊ ಅಂದರೆ 'ಆದರೆ', ಪೇರ್ರೊ ಅಂದರೆ ನಾಯಿ. ಹಳಗನ್ನಡದಲ್ಲಿ ಎರಡು ರ ಇದ್ದವು, ನಾವು ಒಂದನ್ನು ಕಳೆದುಕೊಂಡು ಕೂತಿದ್ದೇವೆ. ಬಾಯಿ ಮುಕ್ಕಳಿಸುವಾಗ ಬಚ್ಚಲಲ್ಲಿ ಅಭ್ಯಾಸ ಮಾಡಿ, ನಾಚಿಕೆ ಇಲ್ಲ.

ಇನ್ನೊಂದು ಒತ್ತು. ಕನ್ನಡದಲ್ಲಿ ಬಳೆ ಬೇರೆ, ಬಾಳೆ ಬೇರೆ. ಎಳೆದರೆ ಅರ್ಥ ಬದಲಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಎಳೆತಕ್ಕೆ ಬೆಲೆಯಿಲ್ಲ, ಒತ್ತಿಗೆ ಬೆಲೆ. ಆಬ್ಲೊ ಅಂದರೆ ನಾನು ಮಾತಾಡುತ್ತೇನೆ. ಅಬ್ಲೋ ಅಂದರೆ ಅವನು ಮಾತಾಡಿದ. ಪಾಪ ಅಂದರೆ ಆಲೂಗಡ್ಡೆ, ಪಪಾ ಅಂದರೆ ಅಪ್ಪ. ನಿಯಮ ಸಣ್ಣದು: ಪದ ಸ್ವರದಲ್ಲಿ, ಎನ್ ಅಥವಾ ಎಸ್‌ನಲ್ಲಿ ಮುಗಿದರೆ ಕೊನೆಯಿಂದ ಎರಡನೆಯ ತುಂಡಿಗೆ ಒತ್ತು (ಲೀಬ್ರೊ, ಪುಸ್ತಕ). ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯ ತುಂಡಿಗೆ (ಎಸ್ಪನ್ಯೋಲ್). ಇದನ್ನು ಮೀರುವ ಪದಕ್ಕೆ ತಲೆಯ ಮೇಲೆ ಗೆರೆ ಹಾಕುತ್ತಾರೆ (ಕಫೇ, ಕಾಫಿ). ಗೆರೆ ಅಲಂಕಾರವಲ್ಲ. ಮರೆತರೆ ಅಂಕ ಹೋಗುತ್ತದೆ.

ಕ್ರಿಯಾಪದ: ಬಾಲ ನೋಡಿ

ಇಂಗ್ಲಿಷ್‌ನಲ್ಲಿ ಯೋಚಿಸುವವರು ಪ್ರತಿ ವಾಕ್ಯಕ್ಕೂ 'ಯೋ' (ನಾನು) ಅಂತ ಸೇರಿಸುತ್ತಾರೆ. ಬೇಡ. ಕನ್ನಡದಲ್ಲಿ "ಮಾತಾಡುತ್ತೇನೆ" ಅಂದರೆ ನಾನು ಅಂತ ಗೊತ್ತೇ ಇದೆ ಅಲ್ವಾ? ಹಾಗೆಯೇ ಇಲ್ಲೂ.

ಆಬ್ಲೊ: ಮಾತಾಡುತ್ತೇನೆ
ಆಬ್ಲಸ್: ಮಾತಾಡುತ್ತೀಯ
ಆಬ್ಲ: ಮಾತಾಡುತ್ತಾನೆ, ಮಾತಾಡುತ್ತಾಳೆ
ಅಬ್ಲಾಮೊಸ್: ಮಾತಾಡುತ್ತೇವೆ
ಆಬ್ಲನ್: ಮಾತಾಡುತ್ತಾರೆ

ಬಾಲವೇ ಎಲ್ಲ ಹೇಳುತ್ತದೆ. 'ಯೋ' ಸೇರಿಸಿದರೆ "ನಾನೇ" ಅಂತ ಒತ್ತಿ ಹೇಳಿದ ಹಾಗೆ.

ತು ಮತ್ತು ಉಸ್ತೇದ್ ಅಂದರೆ ನೀನು ಮತ್ತು ನೀವು. ಇದನ್ನು ನಮ್ಮ ಟೀಚರ್ ಎರಡು ಪೀರಿಯಡ್ ವಿವರಿಸಿದರು, ನನಗೆ ಎರಡು ನಿಮಿಷ ಸಾಕಾಯಿತು. ಉಸ್ತೇದ್ ಹೇಳುವಾಗ ಮಾತ್ರ ಕ್ರಿಯಾಪದ 'ಅವನು/ಅವಳು' ರೂಪಕ್ಕೆ ಹೋಗುತ್ತದೆ. ಯಾಕೆಂದರೆ ಆ ಪದ ಹುಟ್ಟಿದ್ದೇ "ತಮ್ಮ ಕೃಪೆ" ಅನ್ನುವಂಥ ಹಳೆಯ ಗೌರವದ ಮಾತಿನಿಂದ. ನಮ್ಮಲ್ಲಿ ಎದುರಿಗೇ ನಿಂತವರಿಗೆ "ಸ್ವಾಮಿಗಳು ಯಾವ ಕಡೆ ಹೊರಟರು?" ಅಂತ ಕೇಳುತ್ತೇವಲ್ಲ, ಹಾಗೆ. ಟೀಚರಿಗೆ ಉಸ್ತೇದ್, ಗೆಳೆಯರಿಗೆ ತು. ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ಬಳಸುವ ಬೊಸೋತ್ರೊಸ್ ಕೂಡ ಪಟ್ಟಿಯಲ್ಲಿ ಇರುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಅದರ ಬದಲು ಉಸ್ತೇದೆಸ್ ಅನ್ನುತ್ತಾರೆ. ನಿಮ್ಮ ಟೀಚರ್ ಪರೀಕ್ಷೆಗೆ ಕೇಳುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಕಾಫಿ ಇಷ್ಟ, ತಲೆ ನೋವು

ಇಡೀ ವರ್ಷದಲ್ಲಿ ಉಳಿದವರು ಹೆಚ್ಚು ಒದ್ದಾಡಿದ್ದು ಗುಸ್ತಾರ್ ಪಾಠದಲ್ಲಿ. ಇಂಗ್ಲಿಷ್‌ನಲ್ಲಿ 'ನಾನು' ಇಷ್ಟಪಡುವವನು. ಸ್ಪ್ಯಾನಿಷ್‌ನಲ್ಲಿ "ಮೆ ಗೂಸ್ತ ಎಲ್ ಕಫೇ". ಪದಕ್ಕೆ ಪದ ಇಟ್ಟು ನೋಡಿ: ನನಗೆ ಇಷ್ಟವಾಗುತ್ತದೆ ಕಾಫಿ. ಅಷ್ಟೇ! ಪುಸ್ತಕಗಳಾದರೆ "ಮೆ ಗೂಸ್ತನ್ ಲೊಸ್ ಲೀಬ್ರೊಸ್", ನನಗೆ ಪುಸ್ತಕಗಳು ಇಷ್ಟವಾಗುತ್ತವೆ. ಕ್ರಿಯಾಪದ ಇಷ್ಟವಾದ ವಸ್ತುವಿನ ಹಿಂದೆ ಹೋಗುತ್ತದೆ, ನನ್ನ ಹಿಂದೆ ಅಲ್ಲ. ಕನ್ನಡದಲ್ಲೂ ಹಾಗೆಯೇ. "ಮೆ ದ್ವೇಲೆ ಲ ಕಬೇಸ" ಅಂದರೆ ನನಗೆ ತಲೆ ನೋಯುತ್ತದೆ. 'ನನ್ನ ತಲೆ' ಅನ್ನಬೇಕಿಲ್ಲ, ನೋವು ನನಗೆ ಅಂದಮೇಲೆ ತಲೆ ಪಕ್ಕದ ಮನೆಯವರದ್ದಾಗುವುದಿಲ್ಲವಲ್ಲ.

ಆದರೆ ಈ 'ನನಗೆ'ಯನ್ನು ಎಲ್ಲ ಕಡೆ ತುರುಕಬೇಡಿ. ಹಸಿವು, ಬಾಯಾರಿಕೆ, ಚಳಿ, ವಯಸ್ಸು ಇವಕ್ಕೆಲ್ಲ ತೇಂಗೊ ಬೇಕು: "ತೇಂಗೊ ಆಂಬ್ರೆ", ಹಸಿವು ನನ್ನ ಹತ್ತಿರ ಇದೆ ಅನ್ನುವ ಹಾಗೆ. "ತೇಂಗೊ ಕೀನ್ಸೆ ಆನ್ಯೊಸ್", ನನಗೆ 15 ವರ್ಷ. ನಾನು ಒಂದು ತಿಂಗಳು ಇದನ್ನು ತಪ್ಪು ಬರೆದೆ.

ಸೇರ್, ಎಸ್ತಾರ್

'ಇರು' ಅನ್ನಲು ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾಪದ. ಶಾಶ್ವತವಾದುದಕ್ಕೆ ಸೇರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್ ಅಂತ ಹೇಳಿಕೊಡುತ್ತಾರೆ. ನನಗೆ ಈ ನಿಯಮ ಇಷ್ಟವಿಲ್ಲ. ಸತ್ತಿರುವುದಕ್ಕಿಂತ ಶಾಶ್ವತ ಯಾವುದಿದೆ? ಅಲ್ಲಿಗೂ ಎಸ್ತಾರ್ ಬರುತ್ತದೆ. ಮ್ಯಾಡ್ರಿಡ್ ಸ್ಪೇನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅದಕ್ಕೂ ಎಸ್ತಾರ್.

ನಾನು ಕಂಡುಕೊಂಡ ಉಪಾಯ ಹೀಗಿದೆ. ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ಕ್ರಿಯಾಪದವೇ ಬೇಡ ಅನ್ನಿಸಿದರೆ ಸೇರ್. "ಅವನು ಮೇಷ್ಟ್ರು." "ಇವತ್ತು ಸೋಮವಾರ." "ಇದು ನನ್ನ ಪುಸ್ತಕ." ಇಲ್ಲೆಲ್ಲ 'ಇದ್ದಾನೆ', 'ಇದೆ' ಬೇಡ. "ಮನೆಯಲ್ಲಿದ್ದಾನೆ", "ಚೆನ್ನಾಗಿದ್ದೇನೆ", "ಕಾಫಿ ಬಿಸಿಯಾಗಿದೆ", "ಮ್ಯಾಡ್ರಿಡ್ ಸ್ಪೇನಿನಲ್ಲಿದೆ", ಕೊನೆಗೆ "ಸತ್ತಿದ್ದಾನೆ" ಕೂಡ, ಎಲ್ಲದರೊಳಗೂ 'ಇರು' ಕೂತಿದೆ. ಅಲ್ಲಿ ಎಸ್ತಾರ್. ಪಾರ್ಟಿ ಎಲ್ಲಿ ಅಂದರೆ "ನಮ್ಮ ಮನೆಯಲ್ಲಿ" ಅಂತ ಇರು ಬಿಟ್ಟೇ ಹೇಳುತ್ತೇವೆ. ಸ್ಪ್ಯಾನಿಷ್‌ನವರೂ ಕಾರ್ಯಕ್ರಮ ನಡೆಯುವ ಜಾಗಕ್ಕೆ ಸೇರ್ ಬಳಸುತ್ತಾರೆ! ಇದು ಕೈಕೊಡುವುದು ರೂಪ, ಬಣ್ಣ, ಗುಣದಲ್ಲಿ. "ಅವಳು ಎತ್ತರವಾಗಿದ್ದಾಳೆ" ಅಂತ ನಾವು ಅಂದರೂ ಅಲ್ಲಿ ಸೇರ್ ಬೇಕು. ಅದೊಂದನ್ನು ನೆನಪಿಡಿ.

ಗಂಡು ಮೇಜು, ಹೆಣ್ಣು ಮೇಜು

ಇಲ್ಲಿ ಕನ್ನಡ ಕೈಬಿಡುತ್ತದೆ. ನಮಗೆ ಮೇಜು 'ಅದು'. ಸ್ಪ್ಯಾನಿಷ್‌ನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಹಿಂದಿ ಬರುವವರಿಗೆ ಈ ತಲೆನೋವು ಹೊಸದಲ್ಲ. ಕೊನೆಯಲ್ಲಿ ಒ ಬಂದರೆ ಬಹುತೇಕ ಗಂಡು, ಅ ಬಂದರೆ ಬಹುತೇಕ ಹೆಣ್ಣು. 'ಬಹುತೇಕ' ಅಂದಿದ್ದೇನೆ: ಎಲ್ ದೀಅ (ದಿನ), ಎಲ್ ಮಾಪ, ಎಲ್ ಪ್ರೊಬ್ಲೇಮ ಗಂಡು, ಲ ಮಾನೊ (ಕೈ) ಹೆಣ್ಣು. ಪದವನ್ನು ಒಂಟಿಯಾಗಿ ಕಲಿಯಲೇಬೇಡಿ. ಫ್ಲ್ಯಾಶ್‌ಕಾರ್ಡ್ ಮೇಲೆ ಎಲ್ (ಗಂಡಿಗೆ) ಅಥವಾ ಲ (ಹೆಣ್ಣಿಗೆ) ಸಮೇತ ಬರೆಯಿರಿ. ನಾನು ಗಂಡಿಗೆ ನೀಲಿ, ಹೆಣ್ಣಿಗೆ ಹಸಿರು ಪೆನ್ ಇಟ್ಟುಕೊಂಡಿದ್ದೆ.

ಪದ ನೆನಪಿಡಲು ಕನ್ನಡ ಮತ್ತೆ ಸಹಾಯಕ್ಕೆ ಬರುತ್ತದೆ. ಸಾಲ ಅಂದರೆ ಮನೆಯ ಹಜಾರ. "ಸಾಲ ಮಾಡಿ ಹಜಾರ ಕಟ್ಟಿದೆ" ಅಂತ ನಾನು ಬರೆದುಕೊಂಡಿದ್ದೆ. ಅರ್ಮಾರ್ಯೊ ಅಂದರೆ ಬೀರು. ನಮ್ಮ ಅಲಮಾರು ಪೋರ್ಚುಗೀಸಿನಿಂದ ಬಂದ ಅದರ ತಂಗಿ. ಪಾದ್ರೆ ಅಂದರೆ ತಂದೆ, ನಮ್ಮ ಪಾದ್ರಿಯೂ ಅದೇ ದಾರಿಯಲ್ಲಿ ಬಂದವರು.

ಸಂಸ್ಕೃತಿಯ ಅಂಕಗಳು

ನಕ್ಷೆ ಪರೀಕ್ಷೆ ಬರಬಹುದು. ಸ್ಪ್ಯಾನಿಷ್ ಆಡಳಿತ ಭಾಷೆಯಾಗಿರುವ 20 ದೇಶಗಳು, ಜೊತೆಗೆ ಪೋರ್ಟೊರಿಕೊ. ಎಲ್ಲರೂ ಮರೆಯುವುದು ಆಫ್ರಿಕಾದ ಈಕ್ವಟೋರಿಯಲ್ ಗಿನಿಯನ್ನು. ಮೇ 5 ಮೆಕ್ಸಿಕೊದ ಸ್ವಾತಂತ್ರ್ಯ ದಿನ ಅಂತ ಬರೆಯಬೇಡಿ. ಅದು 1862ರಲ್ಲಿ ಪ್ವೇಬ್ಲದಲ್ಲಿ ಫ್ರೆಂಚ್ ಸೇನೆಯನ್ನು ಸೋಲಿಸಿದ ದಿನ. ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16.

ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2 ಸತ್ತವರನ್ನು ನೆನೆಯುವ ದಿನಗಳು. ಫೋಟೊ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಇಟ್ಟು, ಹೂ ಹರಡುತ್ತಾರೆ. ತರಗತಿಯಲ್ಲಿ ಇದನ್ನು ವಿಚಿತ್ರ ಅಂತ ನೋಡಿದವರಿದ್ದರು. ನನಗೆ ಮಹಾಲಯ ಅಮಾವಾಸ್ಯೆಗೆ ಅಜ್ಜಿ ಎಡೆ ಇಡುವುದು ಕಣ್ಣ ಮುಂದೆ ಬಂತು. ಹೂವೂ ಒಂದೇ, ಚೆಂಡು ಹೂ. ಅದರ ತವರೇ ಮೆಕ್ಸಿಕೊ! ನನ್ನ ಪ್ರೆಸೆಂಟೇಶನ್‌ನಲ್ಲಿ ಇದನ್ನೇ ಹೇಳಿದೆ, ನಾಲ್ಕು ಸಣ್ಣ ವಾಕ್ಯದಲ್ಲಿ. ವರ್ಷದಲ್ಲಿ ನನಗೆ ಬಂದ ಅತಿ ಹೆಚ್ಚು ಅಂಕ ಅದು.

ಅತಿ ಕಡಿಮೆ ಅಂಕ

ಅದನ್ನೂ ಹೇಳಬೇಕು. ಅಕ್ಟೋಬರ್‌ನಲ್ಲಿ "ನನ್ನ ಕುಟುಂಬ" ಅಂತ ಪ್ಯಾರಾ ಬರೆಯಲು ಕೊಟ್ಟಿದ್ದರು. ರಾತ್ರಿ ಹನ್ನೊಂದಾಗಿತ್ತು. ಇಂಗ್ಲಿಷ್‌ನಲ್ಲಿ ಬರೆದು ಅನುವಾದದ ಆ್ಯಪ್‌ಗೆ ಹಾಕಿ ಕಾಪಿ ಮಾಡಿದೆ. ಮರುದಿನ ಟೀಚರ್ ಕರೆದು, ನನ್ನದೇ ಪ್ಯಾರಾದ ಮೂರನೇ ಸಾಲಿನ ಕ್ರಿಯಾಪದ ತೋರಿಸಿ "ಇದರ ಅರ್ಥ ಏನು?" ಅಂದರು. ನಾವು ಇನ್ನೂ ವರ್ತಮಾನ ಕಾಲವನ್ನೇ ದಾಟಿರಲಿಲ್ಲ, ಅಲ್ಲಿ ಎರಡನೇ ವರ್ಷದ ರೂಪ ಕೂತಿತ್ತು. ಸೊನ್ನೆ ಬಂತು. ತಪ್ಪು ನನ್ನದೇ. ನಿಘಂಟಿನಲ್ಲಿ ಒಂದು ಪದ ಹುಡುಕಬಹುದು, ಇಡೀ ವಾಕ್ಯ ಬೇರೆಯವರಿಂದ ಬರೆಸಬಾರದು. "ಮಿ ಅಬ್ವೇಲ ಎಸ್ ಬಾಹ" (ನನ್ನ ಅಜ್ಜಿ ಕುಳ್ಳಗೆ) ಅಂತ ಮೂರನೇ ಕ್ಲಾಸಿನ ಮಗುವಿನ ಹಾಗೆ ಬರೆದರೂ ಪರವಾಗಿಲ್ಲ. ಮೊದಲ ವರ್ಷಕ್ಕೆ ಅಷ್ಟೇ ಬೇಕಾಗಿರುವುದು.

ದಿನಕ್ಕೆ ಹದಿನೈದು ನಿಮಿಷ ಜೋರಾಗಿ ಓದಿ. ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ಇದು ಮೇಲು. ರಜೆ ಹಾಕಿದ ದಿನದ ಪಾಠ ಕೇಳುವುದು ನಿಮ್ಮ ಕೆಲಸ, ಟೀಚರ್ ಹುಡುಕಿಕೊಂಡು ಬರುವುದಿಲ್ಲ.

ಕೊನೆಗೆ ಮೌಖಿಕ ಪರೀಕ್ಷೆ. ಪ್ರಶ್ನೆ ಅರ್ಥವಾಗದಿದ್ದರೆ "ನೊ ಸೇ" (ಗೊತ್ತಿಲ್ಲ) ಅಂತ ಕೂತುಬಿಡಬೇಡಿ. "ನೊ ಎಂತ್ಯೇಂದೊ. ರೆಪೀತ, ಪೊರ್ ಫಬೋರ್" ಅನ್ನಿ: ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ. ನಮ್ಮ ತರಗತಿಯಲ್ಲಿ ಹಾಗೆ ಕೇಳಿದ್ದಕ್ಕೆ ಅಂಕ ಕಳೆಯುತ್ತಿರಲಿಲ್ಲ, ಅದೂ ಸ್ಪ್ಯಾನಿಷ್ ಮಾತೇ ತಾನೆ. ಐದು ನಿಮಿಷದಲ್ಲಿ ನಾನು ನಾಲ್ಕು ಸಲ ಕೇಳಿದ್ದೆ.