ಸಾವಯವಕ್ಕೆ ಜಾಸ್ತಿ ದುಡ್ಡು ಕೊಡೋಣ, ಆದರೆ ಯಾರನ್ನು ನಂಬಿ?

ಬೆಂಗಳೂರಿನ ಸಾವಯವ ಅಂಗಡಿಗಳಲ್ಲಿ ಗ್ರಾಹಕರು ಬೆಲೆ ನೋಡುತ್ತಾರೆ. ಆಮೇಲೆ ಕೇಳುತ್ತಾರೆ: "ನಿಜವಾಗ್ಲೂ ಸಾವಯವಾನಾ?" ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಡೋಕೆ ಹಿಂಜರಿಕೆ ಬರುವುದು ಬಡತನದಿಂದ ಮಾತ್ರ ಅಲ್ಲ, ಅನುಮಾನದಿಂದಲೂ ಹೌದು ಅನ್ನುವುದು ನನ್ನ ಅನಿಸಿಕೆ.

ಊರಿನ ಸಂತೆಯಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಅವರೆಕಾಯಿ ಯಾರ ಹೊಲದ್ದು ಅಂತ ಗೊತ್ತಿರುತ್ತಿತ್ತು. ನಗರದಲ್ಲಿ ಆ ಪರಿಚಯದ ಜಾಗಕ್ಕೆ ಚೀಟಿ ಬಂತು. 2001ರಲ್ಲಿ ಕೇಂದ್ರ ಸರ್ಕಾರ ಸಾವಯವ ಪ್ರಮಾಣಪತ್ರದ ವ್ಯವಸ್ಥೆ ತಂದಾಗ ಕಣ್ಣಿದ್ದದ್ದು ರಫ್ತಿನ ಮೇಲೆ. ಶುಲ್ಕ, ದಾಖಲೆ, ತಪಾಸಣೆ ಎಲ್ಲವೂ ರೈತನ ತಲೆಗೆ. ಪ್ರಮಾಣಪತ್ರ ಸಿಗಲು ರಾಗಿಯಂಥ ಬೆಳೆಗೆ 2 ವರ್ಷ, ತೆಂಗು, ಕಾಫಿಗೆ 3 ವರ್ಷ ಕಾಯಬೇಕು. ಕಾಯುವ ಆ ವರ್ಷಗಳಲ್ಲಿ ಗೊಬ್ಬರದಂಗಡಿಯ ಯೂರಿಯಾ ಬಿಟ್ಟು ಇಳುವರಿ ಕುಸಿದರೂ ಸಾವಯವದ ಬೆಲೆ ಸಿಗುವುದಿಲ್ಲ. ಕೊಳ್ಳುವವರ ಕಣ್ಣಿಗೆ ಬೀಳದ ನಷ್ಟ ಇದೇ.

2004ರಲ್ಲಿ ಕರ್ನಾಟಕ ತನ್ನದೇ ಸಾವಯವ ಕೃಷಿ ನೀತಿ ತಂದಿತು. ಆಮೇಲೆ ಪಿಜಿಎಸ್, ಅಂದರೆ ಸಹಭಾಗಿತ್ವದ ಖಾತ್ರಿ ವ್ಯವಸ್ಥೆ ಬಂತು. ಇದರಲ್ಲಿ ರೈತರ ಗುಂಪೇ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿ ಕೊಡುತ್ತದೆ. ಖರ್ಚು ಕಡಿಮೆ. ಸಂತೆಯ ಹಳೇ ನಂಬಿಕೆಗೆ ಹತ್ತಿರವಾದದ್ದೂ ಇದೇ. ಆದರೂ ದೇಶದೊಳಗೆ ಮಾರುವ ಪೊಟ್ಟಣದ ಮೇಲೆ ಯಾರು ಬೇಕಾದರೂ 'ಸಾವಯವ' ಅಂತ ಬರೆದುಕೊಳ್ಳಬಹುದಿತ್ತು. ಅದಕ್ಕೆ ಕಡಿವಾಣ ಹಾಕಲು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಬಂದದ್ದು 2017ರಲ್ಲಿ. ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗೆ ವಹಿವಾಟು ಮಾಡಿ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಇದು ಒಳ್ಳೆಯದಾಯಿತು.

ಸಿರಿಧಾನ್ಯದ ಕತೆ ಬೇರೆ. ಪಡಿತರದ ಅಕ್ಕಿ ಮನೆಮನೆಗೆ ಬಂದ ಮೇಲೆ ನವಣೆ, ಸಾಮೆ, ಹಾರಕ ತಟ್ಟೆಯಿಂದ ಸರಿದುಹೋಗಿದ್ದವು. ಈಗ ಅಕ್ಕಿಗಿಂತ ದುಬಾರಿ, ಆದರೂ ಜನ ಕೊಳ್ಳುತ್ತಾರೆ. ಯಾಕೆ? ಸಕ್ಕರೆ ಕಾಯಿಲೆ. ಡಾಕ್ಟರು ಹೇಳಿದರು, ಪಕ್ಕದ ಮನೆಯವರು ತಿನ್ನುತ್ತಿದ್ದಾರೆ. ಕಡಿಮೆ ನೀರಲ್ಲಿ ಬೆಳೆಯುತ್ತದೆ ಅಂತ ಯಾರೂ ಕೊಳ್ಳುವುದಿಲ್ಲ, ಅಲ್ವಾ? ನಮ್ಮ ಮೈಗೆ ದುಡ್ಡು ಕೊಡುತ್ತೇವೆ, ಮಣ್ಣಿಗಲ್ಲ.

ಆ ದುಡ್ಡೂ ಹೊಲಕ್ಕೆ ಪೂರ್ತಿ ಮುಟ್ಟುವುದಿಲ್ಲ. ಸಣ್ಣ ಕಾಳಿನ ಸಿಪ್ಪೆ ಬಿಡಿಸುವುದು ಕಷ್ಟ, ಊರ ಹತ್ತಿರ ಮಿಲ್ಲು ಇರುವುದು ಅಪರೂಪ. ರೈತ ಸಿಪ್ಪೆ ಸಮೇತ ಮಾರುತ್ತಾನೆ, ಬೆಲೆ ಏರುವುದು ಸಿಪ್ಪೆ ಬಿಟ್ಟ ಮೇಲೆ. 2019ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 'ರೈತ ಸಿರಿ' ಯೋಜನೆ ಘೋಷಿಸಿ, ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡುತ್ತೇವೆ ಎಂದಿತು. ಕೊಳ್ಳುವವರಿಂದ ಬಾರದ ಪಾಲನ್ನು ಬೊಕ್ಕಸ ತುಂಬಬೇಕಾಯಿತು.