ವಾಲ್ವ್ ಹಾಕಿದ ಮೇಲೆ ಮಾತ್ರೆ ಎಷ್ಟು ದಿನ?

ಹಾರ್ಟಿನ ವಾಲ್ವ್ ಆಪರೇಷನ್ ಆಗಿ ಡಿಸ್ಚಾರ್ಜ್ ಆಗುವ ದಿನ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಈ ಮಾತ್ರೆ ಎಷ್ಟು ದಿನ ಸಾರ್?" ಕೇಳುವುದು ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆಯ ಬಗ್ಗೆ. ಮೆಟಲ್ ವಾಲ್ವ್ ಹಾಕಿದ್ದರೆ ಉತ್ತರ ಸುಲಭ. ಇರುವ ತನಕ. ಹೇಳಿದ ತಕ್ಷಣ ಮುಖ ಸಣ್ಣದಾಗುತ್ತದೆ. ಎದೆ ಸೀಳಿಸಿಕೊಂಡು ಅಷ್ಟು ನೋವು ತಿಂದ ಮೇಲೂ ಕಾಯಿಲೆ ಮುಗಿದಿಲ್ಲವಾ ಅನ್ನುವ ಬೇಸರ. ಅದು ಸಹಜವೇ. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ. ಆಪರೇಷನ್ ಥಿಯೇಟರಿನಲ್ಲಿ ಕಷ್ಟಕ್ಕೆ ಸಿಕ್ಕವರಿಗಿಂತ, ಚೆನ್ನಾಗಿ ಗುಣವಾಗಿ ಮನೆಗೆ ಹೋಗಿ, ಹೊಲ ಗದ್ದೆ ಕೆಲಸ ಎಲ್ಲ ಮಾಡಿಕೊಂಡಿದ್ದು, ಮೂರು ನಾಲ್ಕು ವರ್ಷ ಕಳೆದ ಮೇಲೆ ಮಾತ್ರೆ ಬಿಟ್ಟು ಆಂಬುಲೆನ್ಸಿನಲ್ಲಿ ವಾಪಸ್ ಬಂದವರು ನನ್ನನ್ನು ಜಾಸ್ತಿ ಕಾಡಿದ್ದಾರೆ.

ಮೊದಲು ವಾಲ್ವ್, ಅಂದರೆ ಹಾರ್ಟಿನೊಳಗೆ ರಕ್ತವನ್ನು ಒಂದೇ ಕಡೆಗೆ ಬಿಡುವ ಬಾಗಿಲು, ಯಾಕೆ ಹಾಳಾಗುತ್ತದೆ ಅಂತ ನೋಡೋಣ. ನಮ್ಮ ಕಡೆ ಸಣ್ಣ ವಯಸ್ಸಿನವರಿಗೆ ವಾಲ್ವ್ ಬದಲಾಯಿಸಬೇಕಾಗಿ ಬಂದರೆ ಹೆಚ್ಚಾಗಿ ಕಾರಣ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಎರಡು ಮೂರು ವಾರ ಬಿಟ್ಟು ಜ್ವರ, ಮಂಡಿ, ಹಿಮ್ಮಡಿ ಗಂಟು ಊದಿಕೊಳ್ಳುವುದು. ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ಹಾರ್ಟಿನ ವಾಲ್ವ್ ಮೇಲೂ ತಿರುಗಿ ಬೀಳುತ್ತದೆ. ಕೀಲು ನೋವು ವಾಸಿಯಾಗಿ ಎಲ್ಲರೂ ಮರೆತುಬಿಡುತ್ತಾರೆ. ವಾಲ್ವ್ ಮಾತ್ರ ಒಳಗೊಳಗೇ ದಪ್ಪವಾಗಿ, ಅಂಚು ಅಂಟಿಕೊಂಡು, ಬಾಯಿ ಕಿರಿದಾಗುತ್ತಾ ಹೋಗುತ್ತದೆ. ಎಡಭಾಗದ ಮೈಟ್ರಲ್ ವಾಲ್ವ್ ಸರಿಯಾಗಿದ್ದರೆ 4ರಿಂದ 6 ಚದರ ಸೆಂಟಿಮೀಟರ್ ತೆರೆದುಕೊಳ್ಳಬೇಕು. 1.5 ಅಥವಾ ಅದಕ್ಕಿಂತ ಕಮ್ಮಿ ಆಯಿತು ಅಂದರೆ ಕಾಯಿಲೆ ತೀವ್ರ ಅಂತ ಲೆಕ್ಕ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದೇ ಮೊದಲ ಬಸಿರಿನಲ್ಲಿ.

ಅಂಟಿಕೊಂಡ ವಾಲ್ವನ್ನು ಬಿಡಿಸುವ ಪ್ರಯತ್ನ ನೂರು ವರ್ಷದಷ್ಟು ಹಳೆಯದು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಎಂಬ ಸರ್ಜನ್, ಬಡಿಯುತ್ತಿರುವ ಹಾರ್ಟಿನೊಳಗೆ ಬೆರಳು ಹಾಕಿ ವಾಲ್ವ್ ಬಿಡಿಸಿದರು. ಹುಡುಗಿ ಬದುಕಿದಳು. ಆದರೂ ಅವರ ಹತ್ತಿರ ಇನ್ನೊಬ್ಬ ರೋಗಿಯನ್ನು ಯಾರೂ ಕಳಿಸಲಿಲ್ಲ. ಆ ಆಪರೇಷನ್ ಮತ್ತೆ ಜೀವ ಪಡೆದದ್ದು 1948ರಲ್ಲಿ, ಅಮೆರಿಕದಲ್ಲಿ. 1984ರಲ್ಲಿ ಜಪಾನಿನ ಕಾಂಜಿ ಇನೂಯೆ ಬಲೂನ್ ವಿಧಾನ ಪ್ರಕಟಿಸಿದ ಮೇಲೆ ತೊಡೆಯ ಸಂದಿನ ರಕ್ತನಾಳದಿಂದ ಹೋಗಿ ಬಲೂನ್ ಉಬ್ಬಿಸಿದರೆ ಸಾಕು, ಎದೆ ತೆರೆಯುವುದೇ ಬೇಡ ಅನ್ನುವಂತಾಯಿತು. ಬಲೂನ್ ಆಗುವಂಥ ವಾಲ್ವ್ ಇದ್ದರೆ ಅದೇ ಒಳ್ಳೆಯದು, ಸರ್ಜನ್ ಆಗಿ ನಾನೇ ಹೇಳುತ್ತೇನೆ. ಸುಣ್ಣಗಟ್ಟಿದ್ದರೆ, ಜೋರಾಗಿ ಸೋರುತ್ತಿದ್ದರೆ ಮಾತ್ರ ನಮ್ಮ ಕೈಗೆ ಬರುತ್ತದೆ. ರಿಪೇರಿ ಆದರೆ ರಿಪೇರಿ. ಆಗದಿದ್ದರೆ ಬದಲಿ ವಾಲ್ವ್.

ಈ ಬದಲಿ ವಾಲ್ವ್ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಕಥೆಯಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಕಮ್ಮಿ ಬೆಲೆಯ ವಾಲ್ವ್ ಮಾಡಲು ಹೊರಟಿತು. ಮೊದಲ ಮಾದರಿಯಲ್ಲಿ ಬೆಸುಗೆ ಕೈಕೊಟ್ಟಿತು. ಎರಡನೆಯದರಲ್ಲಿ ಟೈಟಾನಿಯಂ ಸವೆಯಿತು. ಮೂರನೆಯದರಲ್ಲಿ ತೆರೆದು ಮುಚ್ಚುವ ನೀಲಮಣಿಯ ಬಿಲ್ಲೆಯೇ ಒಡೆಯಿತು. ನಾಲ್ಕನೆಯದಕ್ಕೆ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಒಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಹಾಕಿದರು. ಕುರಿಗಳಲ್ಲಿ ಪರೀಕ್ಷೆಯಾಗಿ 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಹಾಕಿದ್ದು ಅದೇ. ಚಿತ್ರಾ ವಾಲ್ವ್ ಅಂತ ಇವತ್ತಿಗೂ ನಾವು ಕರೆಯುವುದು ಅದನ್ನೇ. ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಹಾಕಿದ್ದಾರೆ. ವಲಿಯತ್ತಾನ್ ಆಮೇಲೆ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಕುಲಪತಿಯಾದರು, 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಮೂರು ಸಲ ಸೋತು ನಾಲ್ಕನೇ ಸಲಕ್ಕೆ ಕೂತರಲ್ಲ, ರಿಸರ್ಚ್ ಅಂದರೆ ಪೇಪರ್ ಎಣಿಸುವುದು ಅಂದುಕೊಂಡಿರುವ ನಮ್ಮ ಹುಡುಗರಿಗೆ ನಾನು ಈ ಕಥೆ ಹೇಳುತ್ತಲೇ ಇರುತ್ತೇನೆ.

ಸರಿ, ಮೆಟಲ್ ವಾಲ್ವ್ ಕೂತಿತು. ಅದು ಸವೆಯುವುದಿಲ್ಲ ಅಂತಲೇ ಹೇಳಬಹುದು. ತಾಪತ್ರಯ ಇರುವುದು ರಕ್ತದ ಕಡೆಯಿಂದ. ಹೊರಗಿನ ವಸ್ತು ತಾಗಿದರೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ವಾಲ್ವಿನ ಬಿಲ್ಲೆಯನ್ನು ಹಿಡಿದು ನಿಲ್ಲಿಸಬಹುದು, ಇಲ್ಲವೇ ತುಂಡಾಗಿ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಅದಕ್ಕೇ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ. ರಕ್ತ ತೆಳುವಾಗುವ ಮಾತ್ರೆ ಅಂತ ನಾವು ಹೇಳುವುದು ಸುಮ್ನೆ ಅರ್ಥವಾಗಲಿ ಅಂತ. ನಿಜಕ್ಕೂ ತೆಳುವೇನೂ ಆಗುವುದಿಲ್ಲ, ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಎಷ್ಟು ನಿಧಾನ ಅಂತ ಅಳೆಯುವುದೇ ಐಎನ್‌ಆರ್ ಟೆಸ್ಟ್. ಮಾತ್ರೆ ತೆಗೆದುಕೊಳ್ಳದವರಲ್ಲಿ ಇದು ಸುಮಾರು 1 ಇರುತ್ತದೆ. ಮೈಟ್ರಲ್ ಜಾಗದಲ್ಲಿ ಮೆಟಲ್ ವಾಲ್ವ್ ಇದ್ದರೆ ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ ಇರಬೇಕು. ಹಾರ್ಟಿನಿಂದ ಮೈಗೆ ರಕ್ತ ಹೊರಡುವ ಅಯೋರ್ಟಿಕ್ ಜಾಗದಲ್ಲಾದರೆ ಸ್ವಲ್ಪ ಕಮ್ಮಿ ಸಾಕು, 2ರಿಂದ 3. ಕೆಳಗಿಳಿದರೆ ಹೆಪ್ಪು, ತೀರಾ ಮೇಲೆ ಹೋದರೆ ರಕ್ತಸ್ರಾವ. ಈ ಸಣ್ಣ ಜಾಗದಲ್ಲಿ ಜೀವಮಾನ ಪೂರ್ತಿ ನಡೆಯಬೇಕು.

ವಾಲ್ವ್ ಮುಚ್ಚುವಾಗ ಸಣ್ಣಗೆ ಟಿಕ್ ಅನ್ನುತ್ತದೆ. ರಾತ್ರಿ ಮನೆ ನಿಶ್ಶಬ್ದವಾದಾಗ ಗೋಡೆ ಗಡಿಯಾರದ ಹಾಗೆ ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುತ್ತದೆ. ಮೊದಮೊದಲು ನಿದ್ದೆ ಬರಲ್ಲ ಅಂತ ದೂರುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಹಾಸನದ ಕಡೆಯ ಒಬ್ಬರು, ನಲವತ್ತರ ಆಸುಪಾಸಿನವರು. ಹಲ್ಲು ಕೀಳಿಸಬೇಕಿತ್ತು. ರಕ್ತ ನಿಲ್ಲದೆ ಹೋದರೆ ಅಂತ ಮಾತ್ರೆ ನಿಲ್ಲಿಸಲು ಯಾರೋ ಹೇಳಿದರು. ಹಲ್ಲು ಕಿತ್ತಾಯಿತು, ಗಾಯ ಮಾಯಿತು, ಮತ್ತೆ ಶುರು ಮಾಡಿ ಅಂತ ಮಾತ್ರ ಯಾರೂ ಹೇಳಲಿಲ್ಲ. ಅವರಿಗೂ ಆರಾಮಾಗೇ ಇತ್ತು, ಬಿಟ್ಟೇಬಿಟ್ಟರು. ಕೆಲವು ವಾರದ ಮೇಲೆ ಅವರ ಹೆಂಡತಿಗೆ ಅನುಮಾನ ಬಂತು. "ಇವ್ರ ಎದೆ ಸದ್ದು ಮಂಕಾಗೈತೆ ಡಾಕ್ಟ್ರೇ, ನಂಗೆ ಕೇಳ್ತಾನೇ ಇಲ್ಲ" ಅಂತ ಕರೆದುಕೊಂಡು ಬಂದರು. ಅವರಿಗೋ ಸ್ವಲ್ಪ ದಮ್ಮು ಅಷ್ಟೇ, ಗ್ಯಾಸ್ ಅಂದುಕೊಂಡಿದ್ದರು. ಎಕ್ಸ್‌ರೇ ಪರದೆ ಮೇಲೆ ನೋಡಿದರೆ ಬಿಲ್ಲೆ ಅರ್ಧಕ್ಕೇ ನಿಂತಿದೆ, ಏಳುವುದೂ ಇಲ್ಲ, ಬೀಳುವುದೂ ಇಲ್ಲ. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಹನಿಸಿದೆವು. ಆ ಔಷಧಿಯಲ್ಲೂ ಅಪಾಯವಿದೆ, ಹೆಪ್ಪು ತುಂಡಾಗಿ ತಲೆಗೆ ಹೋಗಬಹುದು, ತಲೆಯೊಳಗೇ ರಕ್ತ ಸೋರಬಹುದು. ಅವರ ಅದೃಷ್ಟ, ಮಾರನೇ ದಿನ ಬಿಲ್ಲೆ ಪೂರ್ತಿ ಬಿಚ್ಚಿಕೊಂಡಿತು. ಕರಗದೇ ಹೋದರೆ ಮತ್ತೆ ಎದೆ ತೆರೆಯಬೇಕು, ಎರಡನೇ ಸಲ ತೆರೆಯುವುದು ಮೊದಲಿನಷ್ಟು ಸಲೀಸಲ್ಲ. ಆ ಹೆಣ್ಣುಮಗಳ ಕಿವಿ ನಮ್ಮ ಸ್ಟೆತೊಸ್ಕೋಪಿಗಿಂತ ಮೊದಲು ಕೆಲಸ ಮಾಡಿತ್ತು. ಮನೆಯವರು ಇದ್ದರೆ ಓದಿ ಹೇಳಿ: ಸದ್ದು ಮಂಕಾದರೆ, ಹೊಸದಾಗಿ ದಮ್ಮು ಬಂದರೆ, ಮಾತು ತೊದಲಿದರೆ, ಬೆಳಗಾಗಲಿ ಅಂತ ಕಾಯಬೇಡಿ.

ಹಲ್ಲಿನ ವಿಷಯ ಬಂತಲ್ಲ, ಒಂದೆರಡು ಹಲ್ಲು ಕೀಳಲು ಬಹುತೇಕ ಸಲ ಮಾತ್ರೆ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ಹಿಂದಿನ ದಿನ ಐಎನ್‌ಆರ್ ನೋಡಿಕೊಂಡರೆ ಸಾಕು. ಬೇಕಾಗಿರುವುದು ಕೀಳುವ ಮುಂಚೆ ಒಂದು ಡೋಸ್ ಆಂಟಿಬಯಾಟಿಕ್, ವಾಲ್ವಿಗೆ ಸೋಂಕು ಹತ್ತದಿರಲು. ನಿಲ್ಲಿಸುವುದಾದರೆ ಯಾವ ದಿನ ಮತ್ತೆ ಶುರು ಅನ್ನುವ ತಾರೀಕು ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನು ಸೊಪ್ಪು. ಸೊಪ್ಪು ತಿನ್ನಲೇಬಾರದು ಅಂತ ಹೇಳಿ ಕಳಿಸುವುದು ನಮ್ಮಲ್ಲಿ ಒಂದು ರೂಢಿಯಾಗಿಬಿಟ್ಟಿದೆ. ಮಂಡ್ಯ, ಮೈಸೂರು ಕಡೆಯವರಿಗೆ ಬಸ್ಸಾರು, ಮಸೊಪ್ಪು ಬಿಡಿ ಅಂದರೆ ಊಟ ಬಿಡಿ ಅಂದಂತೆಯೇ ಅಲ್ವಾ? ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಮಾತ್ರೆಗೆ ಎದುರು ಕೆಲಸ ಮಾಡುತ್ತದೆ, ನಿಜ. ಆದರೆ ಮಾತ್ರೆಯ ಡೋಸ್ ಹೊಂದಿಸುವುದು ನೀವು ದಿನಾ ತಿನ್ನುವ ಊಟಕ್ಕೆ ತಾನೇ. ವಾರಕ್ಕೆ ಮೂರು ಸಲ ಸೊಪ್ಪು ತಿನ್ನುವವರು ಮೂರು ಸಲ ತಿನ್ನಿ. ಒಂದು ತಿಂಗಳು ಮುಟ್ಟದೆ ಇದ್ದು, ಮಳೆ ಬಿದ್ದು ನುಗ್ಗೆ ಚಿಗುರಿತು ಅಂತ ವಾರ ಪೂರ್ತಿ ಅದನ್ನೇ ತಿಂದರೆ ಐಎನ್‌ಆರ್ ಇಳಿಯುತ್ತದೆ. ಶ್ರಾವಣದಲ್ಲಿ ಉಪವಾಸ ಹಿಡಿದು ಊಟ ಕಮ್ಮಿ ಮಾಡಿದರೆ ಅದೇ ಡೋಸಿಗೆ ಏರುತ್ತದೆ. ಸೊಪ್ಪಿಗಿಂತ ನನಗೆ ಭಯ ಇರುವುದು ಮೆಡಿಕಲ್ ಶಾಪಿನ ಮೇಲೆ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಬ್ರೂಫೆನ್ ನುಂಗಿ ಹೊಟ್ಟೆಯಲ್ಲಿ ರಕ್ತ ಸೋರಿಸಿಕೊಂಡು ಬರುತ್ತಾರೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಐಎನ್‌ಆರ್ ಮೇಲಕ್ಕೆ ಎಳೆಯುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಕೆಳಕ್ಕೆ. ಸೊಂಟಕ್ಕೆ ನೋವಿನ ಸೂಜಿ ಹಾಕಿಸಿಕೊಂಡರೆ ಒಳಗೆ ರಕ್ತ ಗಂಟು ಕಟ್ಟಬಹುದು. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲ ಮಾತು "ನನಗೆ ವಾಲ್ವ್ ಹಾಕಿದ್ದಾರೆ" ಅಂತಿರಲಿ.

ವಾರ್ಫರಿನ್ ಇಲಿ ಪಾಷಾಣ ಅಂತೆ, ಗೂಗಲ್‌ನಲ್ಲಿ ನೋಡಿದೆ ಅಂತ ಆಗಾಗ ಯಾರದಾದರೂ ಮಗ ಜಗಳಕ್ಕೆ ಬರುತ್ತಾನೆ. ಹೌದಪ್ಪ, ನಿಜ. ಅಮೆರಿಕದಲ್ಲಿ ಮುಗ್ಗಲು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ ಹಿಮದಲ್ಲಿ ಹೊತ್ತು ತಂದು ವಿಜ್ಞಾನಿ ಕಾರ್ಲ್ ಲಿಂಕ್ ಅವರ ಲ್ಯಾಬಿನ ಮುಂದೆ ಇಟ್ಟ. ಆ ಹುಡುಕಾಟದಲ್ಲೇ ಸಿಕ್ಕ ವಾರ್ಫರಿನ್ 1948ರಲ್ಲಿ ಇಲಿಗೆ, 1954ರಲ್ಲಿ ಮನುಷ್ಯರಿಗೆ ಬಂತು.

ಮುಂದಿನ ಪ್ರಶ್ನೆಯೂ ಗೊತ್ತಿರುವುದೇ. ಟೆಸ್ಟ್ ಬೇಡದ ಹೊಸ ಮಾತ್ರೆ ಬಂದಿದೆಯಲ್ಲ, ಅದನ್ನೇ ಕೊಡಿ. ಕೊಡುವ ಹಾಗಿದ್ದರೆ ನಮಗೂ ನೆಮ್ಮದಿ. ಮೆಟಲ್ ವಾಲ್ವಿನವರಿಗೆ ದಬಿಗಟ್ರಾನ್ ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹೊಸ ಮಾತ್ರೆ ತೆಗೆದುಕೊಂಡ 168 ಜನರಲ್ಲಿ 9 ಮಂದಿಗೆ ಸ್ಟ್ರೋಕ್ ಆಯಿತು, ವಾರ್ಫರಿನ್ ತೆಗೆದುಕೊಂಡ 84 ಜನರಲ್ಲಿ ಒಬ್ಬರಿಗೂ ಆಗಲಿಲ್ಲ. ರಕ್ತಸ್ರಾವವೂ ಹೊಸದರಲ್ಲೇ ಜಾಸ್ತಿ. ಅರ್ಧಕ್ಕೇ ನಿಲ್ಲಿಸಿದರು. ಅಯೋರ್ಟಿಕ್ ಜಾಗದ ಒಂದು ಬಗೆಯ ವಾಲ್ವಿನವರಿಗೆ ಅಪಿಕ್ಸಬಾನ್ ಕೊಟ್ಟು ನೋಡಿದ್ದನ್ನೂ 2022ರಲ್ಲಿ ಅವಧಿಗೆ ಮುಂಚೆಯೇ ಕೈಬಿಟ್ಟರು. ವಾಲ್ವ್ ಬದಲಿಸದ, ಆದರೆ ರುಮ್ಯಾಟಿಕ್ ಕಾಯಿಲೆಯ ಜೊತೆ ಹಾರ್ಟಿನ ಬಡಿತ ಏರುಪೇರಾದವರ ಮೇಲೆ ಇನ್ನೊಂದು ದೊಡ್ಡ ಅಧ್ಯಯನ ನಡೆಯಿತು, 24 ದೇಶಗಳಲ್ಲಿ, ನಾಲ್ಕೂವರೆ ಸಾವಿರ ಜನರ ಮೇಲೆ, ನಮ್ಮ ದೇಶದವರೂ ಸೇರಿ. ರಿವರೊಕ್ಸಬಾನ್ ಅನ್ನುವ ಇನ್ನೊಂದು ಹೊಸ ಮಾತ್ರೆ ಗೆಲ್ಲುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು. 2022ರಲ್ಲಿ ಫಲಿತಾಂಶ ಬಂದಾಗ ಹಳೇ ಮಾತ್ರೆಯವರಲ್ಲೇ ಸಾವು ಕಮ್ಮಿ ಇತ್ತು. ಹೊಸ ಮಾತ್ರೆಗಳು ಹೆಪ್ಪುಗಟ್ಟುವ ಸರಣಿಯಲ್ಲಿ ಒಂದೊಂದೇ ಕೊಂಡಿಯನ್ನು ತಡೆಯುತ್ತವೆ. ವಾರ್ಫರಿನ್ ಒಟ್ಟಿಗೆ ನಾಲ್ಕನ್ನು ತಗ್ಗಿಸುತ್ತದೆ. ಲೋಹ ಸತತವಾಗಿ ಹೆಪ್ಪು ಹುಟ್ಟಿಸುವ ಜಾಗದಲ್ಲಿ ಒಂದು ಕೊಂಡಿ ತಡೆದರೆ ಸಾಲುತ್ತಿಲ್ಲ ಅನ್ನುವುದು ಈಗಿನ ತಿಳುವಳಿಕೆ.

ಹಾಗಾದರೆ ದನದ ಅಥವಾ ಹಂದಿಯ ಅಂಗಾಂಶದ ವಾಲ್ವ್ ಹಾಕಬಹುದಲ್ಲ? ಹಾಕಬಹುದು. ಸಾಮಾನ್ಯವಾಗಿ ಕೆಲವು ತಿಂಗಳು ಮಾತ್ರೆ, ಆಮೇಲೆ ಬಿಡಬಹುದು. ಆದರೆ ಅದು ಸವೆಯುತ್ತದೆ. ವಯಸ್ಸಾದವರಲ್ಲಿ ಹತ್ತು ಹದಿನೈದು ವರ್ಷ ಬರಬಹುದು, ಇಪ್ಪತ್ತರ ಹರೆಯದವರಲ್ಲಿ ಅದಕ್ಕಿಂತ ಬೇಗ ಸುಣ್ಣಗಟ್ಟುತ್ತದೆ. ಮತ್ತೆ ಆಪರೇಷನ್.

ಈ ಲೆಕ್ಕ ತುಂಬ ಕಷ್ಟವಾಗುವುದು ಮದುವೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ. ಅಪ್ಪ ಅಮ್ಮ ಕೇಳುವುದು ಗಾಯ ಕಾಣದ ಹಾಗೆ ಮಾಡಿ ಅಂತ. ಬಲಗಡೆ ಎದೆಯ ಕೆಳಗೆ ಸಣ್ಣದಾಗಿ ಕೊಯ್ದು ಮಾಡಲು ಎಷ್ಟೋ ಸಲ ಆಗುತ್ತದೆ, ಅದು ದೊಡ್ಡ ಮಾತಲ್ಲ. ಗಾಯ ಮುಚ್ಚಿದ ಮೇಲೆ ವಿಷಯವನ್ನೂ ಮುಚ್ಚುತ್ತಾರಲ್ಲ, ನನ್ನ ತಕರಾರು ಅಲ್ಲಿ. ಗಂಡನ ಮನೆಯವರಿಗೆ ಹೇಳುವುದಿಲ್ಲ. ಹುಡುಗಿ ಮಾತ್ರೆಯನ್ನು ಬ್ಯಾಗಿನ ಮೂಲೆಯಲ್ಲಿ ಬಚ್ಚಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ನುಂಗುತ್ತಾಳೆ. ಟೆಸ್ಟಿಗೆ ಹೋಗಲು ನೆಪ ಹುಡುಕಬೇಕು. ಒಂದು ದಿನ ತಪ್ಪುತ್ತದೆ, ಆಮೇಲೆ ವಾರ ತಪ್ಪುತ್ತದೆ. ಹುಡುಗನಿಗೆ ಮೊದಲೇ ಹೇಳಿ, ಬೇಕಿದ್ದರೆ ಅವನನ್ನೇ ಕರೆದುಕೊಂಡು ಬನ್ನಿ, ನಾನು ಕೂತು ವಿವರಿಸುತ್ತೇನೆ ಅಂತ ಹೇಳುತ್ತೇನೆ. ಬಂದವರೂ ಇದ್ದಾರೆ.

ಬಸಿರಾದರೆ ಮುಟ್ಟು ತಪ್ಪಿದ ಕೂಡಲೇ ಬರಬೇಕು, ಮೂರು ತಿಂಗಳು ತುಂಬಲಿ ಅಂತ ಕಾಯುವ ಹಾಗಿಲ್ಲ. 6ರಿಂದ 12ನೇ ವಾರದಲ್ಲಿ ವಾರ್ಫರಿನ್ ಮಗುವಿನ ಮೂಗು, ಮೂಳೆಯ ಬೆಳವಣಿಗೆಗೆ ತೊಂದರೆ ಮಾಡಬಹುದು. ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಮ್ಮಿ ಸಾಕಾಗುವವರಲ್ಲಿ ಈ ಅಪಾಯ ಕಮ್ಮಿ, ಹಾಗಾಗಿ ಕೆಲವರಿಗೆ ಅದನ್ನೇ ಮುಂದುವರಿಸುತ್ತೇವೆ. ಉಳಿದವರಿಗೆ ಆ ವಾರಗಳಲ್ಲಿ ಹೆಪಾರಿನ್ ಇಂಜೆಕ್ಷನ್. ಅದು ಮಗುವಿಗೆ ತಲುಪುವುದಿಲ್ಲ, ಆದರೆ ವಾಲ್ವನ್ನು ಕಾಯುವುದರಲ್ಲಿ ವಾರ್ಫರಿನ್ನಿನಷ್ಟು ಗಟ್ಟಿಯಲ್ಲ. ತಾಯಿಗೆ ಒಳ್ಳೆಯದು ಒಂದು, ಮಗುವಿಗೆ ಒಳ್ಳೆಯದು ಇನ್ನೊಂದು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ತೀರ್ಮಾನ ಮಾಡಬೇಕಾದದ್ದು ಇದು. 36ನೇ ವಾರದ ಹೊತ್ತಿಗೆ ಮತ್ತೆ ಹೆಪಾರಿನ್‌ಗೆ ಬದಲಾಯಿಸಿ, ಹಾರ್ಟ್ ಡಾಕ್ಟರೂ ಇರುವ ಆಸ್ಪತ್ರೆಯಲ್ಲಿ ಹೆರಿಗೆ.

ಹೆರಿಗೆ ಸುಸೂತ್ರವಾಯಿತು ಅಂತ ಎಲ್ಲರೂ ನಿರಾಳವಾಗುತ್ತಾರೆ. ಆದರೆ ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿಯೇ ಇರುತ್ತದೆ. ಅದೇ ಹೊತ್ತಿಗೆ ತವರಿನಲ್ಲಿ ಅಜ್ಜಿ ಹೇಳುತ್ತಾರೆ, ಬಾಣಂತಿಗೆ ಇಂಗ್ಲಿಷ್ ಮಾತ್ರೆ ಯಾಕೆ, ಹಾಲಿನಲ್ಲಿ ಮಗುವಿಗೆ ಹೋಗುತ್ತೆ ಅಂತ. ವಾರ್ಫರಿನ್ ತೆಗೆದುಕೊಳ್ಳುವ ತಾಯಿ ಮಗುವಿಗೆ ಹಾಲು ಕುಡಿಸಬಹುದು, ತೊಂದರೆಯಿಲ್ಲ. ಡಿಸ್ಚಾರ್ಜ್ ದಿನ ಇದನ್ನು ನಾನು ಹುಡುಗಿಗೆ ಹೇಳುವುದಿಲ್ಲ, ಅವಳಿಗೆ ಆಗಲೇ ಗೊತ್ತಿರುತ್ತದೆ. ಅಜ್ಜಿಯನ್ನು ಒಳಗೆ ಕರೆಸಿ ಅವರಿಗೆ ಹೇಳುತ್ತೇನೆ.