ಅಪ್ಪಣೆ ಬಂದ ಮಾತ್ರಕ್ಕೆ ಜೀವಕೋಶ ಬೆಳೆಯುತ್ತದೆಯೇ?

ಪ್ರಶ್ನೆ: ಇನ್ಸುಲಿನ್ ಜೀವಕೋಶಕ್ಕೆ ಬೆಳೆಯುವ ಸೂಚನೆ ಕೊಡುತ್ತದೆ ಎಂದು ಓದಿದ್ದೇನೆ. ಕೋಶದೊಳಗೆ ಬೇಕಾದ ಸಾಮಗ್ರಿಯೇ ಇಲ್ಲದಿದ್ದರೂ ಅದು ಬೆಳೆಯಲು ಹೊರಡುತ್ತದೆಯೇ?

ಉತ್ತರ: ಹೊರಡುವುದಿಲ್ಲ. ಹೊರಗಿನಿಂದ ಅಪ್ಪಣೆ ಬಂದರೂ ಕೋಶ ತನ್ನ ಉಗ್ರಾಣವನ್ನು ನೋಡಿಕೊಳ್ಳದೆ ಕೆಲಸಕ್ಕೆ ಇಳಿಯುವುದಿಲ್ಲ. ಈ ಎರಡನ್ನೂ ತಾಳೆ ನೋಡುವ ಪ್ರೋಟೀನು ಎಂಟಾರ್. ಇದೊಂದು ಕೈನೇಸ್, ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ಕೆಲಸವನ್ನು ಆರಂಭಿಸುವ ಅಥವಾ ನಿಲ್ಲಿಸುವ ಕಿಣ್ವ. (ಎಂಟಾರ್ ಬೇರೆ ಪ್ರೋಟೀನುಗಳೊಡನೆ ಸೇರಿ ಎರಡು ಬಗೆಯ ಕೂಟಗಳಾಗುತ್ತದೆ. ನಾನು ಹೇಳುತ್ತಿರುವುದು ಮೊದಲನೆಯದನ್ನು. ಎರಡನೆಯದರ ಕಥೆಯೇ ಬೇರೆ.)

ತಾಳೆ ನೋಡುವ ಬಗೆ ಸೊಗಸಾಗಿದೆ: ಯಾರು ಎಲ್ಲಿ ಕುಳಿತಿದ್ದಾರೆ ಎಂಬುದೇ ಇಲ್ಲಿ ಮುಖ್ಯ. ಕೋಶದಲ್ಲಿ ಲೈಸೊಸೋಮ್ ಎಂಬ ಪುಟ್ಟ ಚೀಲಗಳಿವೆ. ಹಳೆಯ ಪ್ರೋಟೀನುಗಳು ಅಲ್ಲಿ ಒಡೆದು ಅಮೈನೊ ಆಮ್ಲಗಳಾಗುತ್ತವೆ. ಅಮೈನೊ ಆಮ್ಲ ಸಾಕಷ್ಟಿದ್ದಾಗ ರ‍್ಯಾಗ್ ಪ್ರೋಟೀನುಗಳು ಎಂಟಾರ್ ಅನ್ನು ಆ ಚೀಲದ ಹೊರಮೈಗೆ ಕರೆತಂದು ಕೂರಿಸುತ್ತವೆ. ಅದನ್ನು ಚಾಲೂ ಮಾಡುವ ರೆಬ್ ಎಂಬ ಪ್ರೋಟೀನು ಸಿಗುವುದೂ ಅಲ್ಲಿಯೇ. ಆದರೆ ಟಿಎಸ್‌ಸಿ ಎಂಬ ಕಾವಲುಕೂಟ ರೆಬ್ ಅನ್ನು ಅದುಮಿಟ್ಟಿರುತ್ತದೆ. ಇನ್ಸುಲಿನ್ ಹೊರಪೊರೆಯ ಗ್ರಾಹಕಕ್ಕೆ ಕೂಡಿಕೊಂಡಾಗ ಸುದ್ದಿ ಪ್ರೋಟೀನಿನಿಂದ ಪ್ರೋಟೀನಿಗೆ ದಾಟುತ್ತದೆ. ಕೊನೆಗೆ ಎಕೆಟಿ ಎಂಬ ಕೈನೇಸ್ ಈ ಕಾವಲನ್ನು ಅಲ್ಲಿಂದ ಸರಿಸುತ್ತದೆ. ಹಾಗಾಗಿ ಇನ್ಸುಲಿನ್ ಒಂದೇ ಇದ್ದರೆ ರೆಬ್ ಸಿದ್ಧವಾಗಿದ್ದರೂ ಎಂಟಾರ್ ಅಲ್ಲಿಗೆ ಬಂದಿರುವುದಿಲ್ಲ. ಅಮೈನೊ ಆಮ್ಲವೊಂದೇ ಇದ್ದರೆ ಎಂಟಾರ್ ಬಂದು ಕುಳಿತಿರುತ್ತದೆ, ರೆಬ್‌ನ ಕೈ ಕಟ್ಟಿರುತ್ತದೆ.

ಉಗ್ರಾಣದ ಲೆಕ್ಕ ಇಡುವವರೂ ಇದ್ದಾರೆ. ಲ್ಯೂಸಿನ್ ಎಂಬ ಅಮೈನೊ ಆಮ್ಲದ ಕೊರತೆಯಾದಾಗ ಸೆಸ್ಟ್ರಿನ್-2 ಎಂಬ ಪ್ರೋಟೀನು ಅಡ್ಡಗಾಲು ಹಾಕುತ್ತದೆ, ಲ್ಯೂಸಿನ್ ಬಂದು ತನಗೆ ಅಂಟಿಕೊಂಡೊಡನೆ ದಾರಿ ಬಿಡುತ್ತದೆ. ಆರ್ಜಿನಿನ್ ಎಂಬ ಇನ್ನೊಂದು ಅಮೈನೊ ಆಮ್ಲಕ್ಕೆ ಇದೇ ಕೆಲಸ ಕ್ಯಾಸ್ಟರ್-1 ಪ್ರೋಟೀನಿನದು. ಶಕ್ತಿಯ ಲೆಕ್ಕ ಎಎಂಪಿಕೆ ಎಂಬ ಕೈನೇಸ್‌ನದು: ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಖರ್ಚಾಗಿ, ಅದರಿಂದ ಉಳಿಯುವ ಎಎಂಪಿ ಹೆಚ್ಚಿದರೆ ಅದು ಎಚ್ಚೆತ್ತು ಎಂಟಾರ್‌ಗೆ ಕಡಿವಾಣ ಹಾಕುತ್ತದೆ.

ಎಲ್ಲವೂ ಕೂಡಿಬಂದರೆ ಕೋಶ ಪ್ರೋಟೀನು, ಕೊಬ್ಬು, ಪ್ರೋಟೀನು ಕಟ್ಟುವ ಯಂತ್ರಗಳಾದ ರೈಬೊಸೋಮ್‌ಗಳನ್ನು ಭರದಿಂದ ತಯಾರಿಸುತ್ತದೆ. ಇಲ್ಲವಾದರೆ ಎಂಟಾರ್ ಆರುತ್ತದೆ, ಕೋಶ ತನ್ನದೇ ಹಳೆಯ ಭಾಗಗಳನ್ನು ಲೈಸೊಸೋಮಿಗೆ ಹಾಕಿ ಕರಗಿಸತೊಡಗುತ್ತದೆ. ಹೀಗೆ ಬಿಡುಗಡೆಯಾದ ಅಮೈನೊ ಆಮ್ಲಗಳು ಎಂಟಾರ್ ಅನ್ನು ಮತ್ತೆ ಅಲ್ಪಸ್ವಲ್ಪ ಎಬ್ಬಿಸಬಲ್ಲವು.

ಈ ಹೆಸರಿನ ಹಿಂದೆ ಒಂದು ದ್ವೀಪವಿದೆ. 1964-65ರಲ್ಲಿ ರಾಪಾ ನುಯಿ, ಅಂದರೆ ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಬ್ಯಾಕ್ಟೀರಿಯದಲ್ಲಿ ಮುಂದೆ ರಾಪಾಮೈಸಿನ್ ಎಂಬ ವಸ್ತು ದೊರೆಯಿತು. ಅದು ಯಾವುದನ್ನು ತಡೆಯುತ್ತದೆ ಎಂದು ಯೀಸ್ಟ್‌ನಲ್ಲಿ ಹುಡುಕಿದಾಗ, 1991ರಲ್ಲಿ ಟಾರ್ ಸಿಕ್ಕಿತು; ‘ರಾಪಾಮೈಸಿನ್‌ನ ಗುರಿ’ ಎಂಬುದರ ಇಂಗ್ಲಿಷ್ ಹ್ರಸ್ವರೂಪವದು. ಸಸ್ತನಿಗಳಲ್ಲಿರುವ ಅದರ ರೂಪವೇ ಎಂಟಾರ್.

ಕಾವಲು ತಪ್ಪಿದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಟಿಎಸ್‌ಸಿ ಜೀನು ಕೆಟ್ಟವರಲ್ಲಿ ಅಪ್ಪಣೆಯಿಲ್ಲದೆಯೂ ಎಂಟಾರ್ ಉರಿಯುತ್ತಲೇ ಇರುತ್ತದೆ. ಮಿದುಳು, ಮೂತ್ರಪಿಂಡ, ಚರ್ಮಗಳಲ್ಲಿ ಗಡ್ಡೆಗಳು ಏಳುತ್ತವೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಈ ಕಾಯಿಲೆಯ ಕೆಲವು ಗಡ್ಡೆಗಳನ್ನು ಕುಗ್ಗಿಸಲು ವೈದ್ಯರು ಕೊಡುವ ಎವರೋಲಿಮಸ್, ಅದೇ ರಾಪಾಮೈಸಿನ್‌ನಿಂದ ರೂಪಿಸಿದ ಔಷಧ.